ಮೀನಿಗೆ ಹೋದ ಮೊದಲ ಕೊಡ

ಮೀನು ಕುಡಿಯದ ನೀರನ್ನು ದ್ಯಾಮಮ್ಮನ ಮನೆಯಲ್ಲಿ ಮನುಷ್ಯರು ಕುಡಿಯುವುದಿಲ್ಲವೆಂದು ರಾಯದುರ್ಗದ ಕೋಟೆ ಬುಡದ ಓಣಿಯವರು ಆಡಿಕೊಳ್ಳುತ್ತಿದ್ದರು. ಮೀನಿನ ವಾಸನೆಗೇ ಮೂಗು ಮುಚ್ಚುವ ಲಿಂಗವಂತರ ಮನೆ. ಆದರೆ ಅಂಗಳದ ಕಲ್ಲುತೊಟ್ಟಿಯಲ್ಲಿ ಬೆರಳುದ್ದದ ಹನ್ನೆರಡು ಮೀನು. ಸೊಸೆ ಬಂದ ಮೇಲಂತೂ ಎದುರುಮನೆಯ ತಿಪ್ಪಯ್ಯನಿಗೆ ಅದೇ ತಮಾಷೆ. "ಸೊಸಿಗಿಂತ ಮೊದಲು ಮೀನಿಗೆ ಉಣ್ಣಾಕ ಇಕ್ತಾಳ ನೋಡ್ರಿ."

ದ್ಯಾಮಮ್ಮನಿಗೆ ಅದು ನಗುವ ಮಾತಾಗಿರಲಿಲ್ಲ. ಮದರಾಸು ಸರ್ಕಾರದವರು ಊರಿಗೆ ರೈಲು ತಂದ ವರ್ಷ ಅವಳ ಗಂಡ ಸಂತೆಯಿಂದ ಬರುವ ದಾರಿಯಲ್ಲಿ ಯಾರದೋ ಹೊಲದ ಬಾವಿ ನೀರು ಕುಡಿದು, ಮೂರು ದಿನಕ್ಕೆ ತೀರಿಹೋಗಿದ್ದ. ನೀರಿಗೆ ಯಾರೋ ಏನೋ ಹಾಕಿದ್ದರೆಂಬುದು ಅವಳ ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಉಳಿದವನು ಮಗ ತಿಪ್ಪೇರುದ್ರಪ್ಪ ಒಬ್ಬನೇ. ಅವನನ್ನು ಉಳಿಸಿಕೊಳ್ಳಬೇಕೆಂದು ಕಣೇಕಲ್ಲಿನ ಕೆರೆಯಿಂದ ಮೀನುಮರಿ ತರಿಸಿ, ಮನೆ ಬಾವಿಯ ಉಪ್ಪುನೀರನ್ನು ದಿನಕ್ಕೊಂದು ಚೆಂಬಿನಂತೆ ಬೆರೆಸಿ ಅದಕ್ಕೆ ಹೊಂದಿಸಿದಳು. ಬೆಳಿಗ್ಗೆ ಸೇದಿದ ಮೊದಲ ಕೊಡ, ಒಂದು ಹನಿ ಚೆಲ್ಲದೆ, ತೊಟ್ಟಿಗೆ. ಮೀನು ಆಡಿಕೊಂಡಿದ್ದರೆ ಎರಡನೆಯ ಕೊಡ ಅಡುಗೆಮನೆಗೆ. ಹನ್ನೆರಡು ವರ್ಷ ಹೀಗೇ ನಡೆಯಿತು.

ಆಮೇಲೆ ಬೊಮ್ಮನಹಾಳಿನಿಂದ ಸೊಸೆ ಅನ್ನದಾನಮ್ಮ ಬಂದಳು. ಜೊತೆಗೆ ತವರಿನ ತಾಮ್ರದ ಕೊಡ ಬಂತು, ಹಳೆಯ ಮಣ್ಣಿನ ಕೊಡ ಅಟ್ಟ ಸೇರಿತು. ಕೆಲವು ತಿಂಗಳಲ್ಲಿ ಸೊಸೆ ಬಸುರಿಯೂ ಆದಳು.

ಆಗ ಶುರುವಾಯಿತು. ಒಂದು ಸೋಮವಾರ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ಮುಂದಿನ ಸೋಮವಾರ ಮೂರು. ದ್ಯಾಮಮ್ಮ ತೊಟ್ಟಿ ಬರಿದು ಮಾಡಿ ಬೂದಿ ಹಾಕಿ ತಿಕ್ಕಿದಳು, ಹಾಕುತ್ತಿದ್ದ ಪುಟಾಣಿ ಹಿಟ್ಟು ನಿಲ್ಲಿಸಿದಳು, ಬೆಕ್ಕು ಕಾಗೆ ಮುಟ್ಟದಂತೆ ಮೊರ ಮುಚ್ಚಿದಳು. ಮತ್ತೊಂದು ಸೋಮವಾರ ಕಂಬದ ಮರೆಯಲ್ಲಿ ನಿಂತು ನೋಡಿದಳು. ಸೊಸೆ ಸೇದಿದಳು, ಸುರಿದಳು, ಅಷ್ಟೇ. ಹೊತ್ತೇರುವಷ್ಟರಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ನಾಲ್ಕು ಸತ್ತವು.

"ಏನ್ ಹಾಕಿದಿ?"

"ನೀರು ಹಾಕೀನ್ರಿ, ಅತ್ತಿ."

"ನೀರಿಗೆ ಮೀನು ಸಾಯ್ತಾವೇನು?"

ಮಗನನ್ನು ಒಳಗೆ ಕರೆದು, ಇವತ್ತು ಮೀನು, ನಾಳೆ ನೀನು ಎಂದಳು. ಅವನಿಗೆ ಅವ್ವನ ಮಾತು ಮೀರಿ ಗೊತ್ತಿರಲಿಲ್ಲ. ಐದು ತಿಂಗಳ ಬಸುರಿಯನ್ನು ಗಾಡಿಯಲ್ಲಿ ಕೂರಿಸಿ ತವರಿಗೆ ಕಳಿಸಿದರು.

ಮುಂದಿನ ಸೋಮವಾರ ನೀರು ಸೇದಿದವಳೂ ಸುರಿದವಳೂ ದ್ಯಾಮಮ್ಮನೇ. ಮಧ್ಯಾಹ್ನಕ್ಕೆ ಇದ್ದ ನಾಲ್ಕರಲ್ಲಿ ಮೂರು ತೇಲಿದವು. ಉಳಿದೊಂದನ್ನು ಅಟ್ಟದ ಮಣ್ಣಿನ ಕೊಡ ಇಳಿಸಿ, ಅದರಲ್ಲೇ ಹೊಸ ನೀರು ಸೇದಿ, ಅದರೊಳಗೆ ಬಿಟ್ಟಳು. ಸಂಜೆಗೆ ಅದು ಚುರುಕಾಯಿತು. ಅದೇ ಬಾವಿ, ಅದೇ ಕೈ. ಬೇರೆಯದು ಕೊಡ ಮಾತ್ರ.

ಓಣಿಗೆಲ್ಲ ಥಳಥಳ ಕಾಣಲೆಂದು ಪ್ರತಿ ಭಾನುವಾರ ಸಂಜೆ ಆ ತಾಮ್ರದ ಕೊಡಕ್ಕೆ ಹುಣಸೆಹಣ್ಣು, ಉಪ್ಪು ಒಳಗೂ ಹೊರಗೂ ಬಳಿದು ಬೆಳಗಿನವರೆಗೆ ಬಿಟ್ಟು, ಬರೀ ಬಟ್ಟೆಯಲ್ಲಿ ಒರೆಸಿಡುತ್ತಿದ್ದವಳು ಅವಳೇ. ಮೊದಲು ಸೊಸೆ ಬೂದಿಯಲ್ಲಿ ತಿಕ್ಕುತ್ತಿದ್ದಳು; ಅವಳು ಬಸುರಿಯಾದ ಮೇಲೆ ಆ ಕೆಲಸವನ್ನು ದ್ಯಾಮಮ್ಮ ತಾನೇ ಹೀಗೆ ಕೈಗೆತ್ತಿಕೊಂಡಿದ್ದಳು. ಮೀನಿಗೆ ಮೊದಲು ಒಂದು ಹನಿಯೂ ಚೆಲ್ಲಬಾರದೆಂಬ ಕಟ್ಟಳೆಗೆ ಯಾರೂ ಕೊಡಕ್ಕೆ ನೀರು ಹಾಕಿ ಗಲಬರಿಸಿ ಚೆಲ್ಲುತ್ತಿರಲಿಲ್ಲ. ತಾಮ್ರದ ಆ ಕಿಲುಬೆಲ್ಲ ಮೊದಲ ಕೊಡದಲ್ಲೇ ತೊಟ್ಟಿಗೆ ಹೋಗುತ್ತಿತ್ತು.

ಮುಚ್ಚಿಡದೆ ಮಗನಿಗೆ ಹೇಳಿದಳು. ಅವನು ಅವತ್ತೇ ಗಾಡಿ ಕಟ್ಟಿಕೊಂಡು ಹೋದ, ಮೂರನೆಯ ದಿನ ಒಬ್ಬನೇ ಬಂದ. ಬೀಗರು ಬೈದಿರಲಿಲ್ಲ, ಉಣ್ಣಿಸಿ ಕಳಿಸಿದ್ದರು. ಮಾತಾಡಿದವಳು ಅನ್ನದಾನಮ್ಮ.

"ಏನಂದಳು?"

ಮಗ ನೆಲ ನೋಡಿದ. "ನಾಳೆ ಹಾಲು ಒಡದ್ರೂ ಅತ್ತಿ ನನ್ನ ಕೈನೇ ನೋಡ್ತಾರ, ಅವರಿರೋ ಮನ್ಯಾಗ ನಾ ಹಡಿಯಂಗಿಲ್ಲ ಅಂದ್ಲು, ಅವ್ವಾ."

ಇಲ್ಲ, ಇನ್ನು ನೋಡುವುದಿಲ್ಲ ಎನ್ನಲು ದ್ಯಾಮಮ್ಮ ಬಾಯಿ ತೆರೆದಳು. ಆ ಮಾತು ಅವಳಿಗೇ ಸುಳ್ಳೆನಿಸಿತು. ಎರಡು ದಿನ ಉಣ್ಣದೆ ಕೂತಳು. ಮೂರನೆಯ ದಿನ ಸೀರೆಗಳನ್ನು ಗಂಟು ಕಟ್ಟಿ, ಗುಡಿಬಂಡೆಯಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆ, ಹೆಂಡತಿಯನ್ನು ಕರೆದುಕೊಂಡು ಬಾ ಎಂದಳು. ಮತ್ತೆ ಬರುತ್ತೇನೆಂದು ಅವಳೂ ಹೇಳಲಿಲ್ಲ, ಯಾವಾಗ ಬರುತ್ತೀ ಎಂದು ಅವನೂ ಕೇಳಲಿಲ್ಲ.

ಗಾಡಿ ಬಾಗಿಲಿಗೆ ಬಂತು. ದಾರಿಗೆ ಬೇಕೆಂದು ಮಗ ಒಳಗೆ ಹೋಗಿ ಚೆಂಬು ತುಂಬ ನೀರು ತಂದ. ದ್ಯಾಮಮ್ಮ ಬಗ್ಗಿ ಚೆಂಬಿನೊಳಕ್ಕೆ ನೋಡಿದಳು. ಮೀನು ಕುಡಿದು ತೋರಿಸದ ನೀರು. ತಲೆಯೆತ್ತಿ ಮಗನ ಮುಖವನ್ನು ಬಹಳ ಹೊತ್ತು ನೋಡಿದಳು. ಚೆಂಬನ್ನು ಹಾಗೇ ಕಟ್ಟೆಯ ಮೇಲಿಟ್ಟು ಗಾಡಿ ಹತ್ತಿದಳು.