ದೊಡ್ಡವ್ವನ ಗೂಡಿನ ನೀರು

ನಮ್ಮ ದೊಡ್ಡವ್ವ ಮಾನಮ್ಮನ ಕೈ ಹಿಡಿದು ನೋಡಿದವರು ಯಾರೂ ಆಕೆ ಕೂಲಿ ಮಾಡುವವಳೆಂದು ನಂಬುತ್ತಿರಲಿಲ್ಲ. ಐವತ್ತು ದಾಟಿದರೂ ಅಂಗೈ ಎಳೆಕೂಸಿನ ಕೆನ್ನೆಯಂತೆ ಮೆತ್ತಗಿತ್ತು. ರಂಗಂಪೇಟೆಯ ಖಾಜಾಹುಸೇನ ಸಾಹೇಬರ ಶೆಡ್ಡಿನಲ್ಲಿ ಹದಿನೈದು ವರ್ಷ, ಬಿಸಿನೀರಿನ ಬಾಣಲೆಯಲ್ಲಿ ರೇಷ್ಮೆಗೂಡು ಹಾಕಿ, ಎಳೆ ಹುಡುಕಿ, ನೂಲು ಬಿಚ್ಚಿದ ಕೈ ಅದು. ಬೆರಳ ತುದಿ ಬೆಂದು ಬಿಳಿಚಿರುತ್ತಿತ್ತು, ಆ ಮಾತು ಬೇರೆ. ಆದರೆ ಹುಡುಕಿದರೂ ಒಂದು ಬಿರುಕು ಸಿಗುತ್ತಿರಲಿಲ್ಲ. ಈಳಿಗೆ ತಾಗಿದ ಗಾಯ ನಾಲ್ಕು ದಿನಕ್ಕೆ ಮಾಯುತ್ತಿತ್ತು.

"ಗೂಡಿನ ಅಂಟು ನೀರಿಗೆ ಇಳೀತೈತಿ. ಹುಳಕ್ಕ ಮನಿ ಕಟ್ಟಿಕೊಟ್ಟ ಅಂಟು, ನಮ್ಮ ತೊಗಲು ಕೂಡಸಂಗಿಲ್ಲೇನು?" ಎನ್ನುತ್ತಿದ್ದಳು. ಆಕೆಯ ವೈದ್ಯಶಾಸ್ತ್ರವೆಲ್ಲ ಇಷ್ಟೇ.

ನನ್ನ ಅವ್ವ ತಿಮ್ಮವ್ವ ಆಕೆಯ ಒಬ್ಬಳೇ ತಂಗಿ. ನಾವಿದ್ದದ್ದು ವನದುರ್ಗದಲ್ಲಿ. ಕಾಲುವೆಗೆ ನೀರು ಬಂದ ಮೇಲೆ ಸುತ್ತಿನ ಜೋಳದ ಹೊಲಗಳು ಭತ್ತದ ಗದ್ದೆಯಾದವು, ಅವ್ವ ನಾಟಿಯ ಕೂಲಿಗೆ ನಿಂತಳು. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವರು, ಕಾಲು ಕೆಸರಾದರೆ ಏನೆಂದು ಹೇಳದೆ ಹೋದರು. ಅವ್ವನ ಬೆರಳಸಂದಿಗಳು ಹುಣ್ಣಾಗಿ, ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಕಾಲು ಕೆಟ್ಟರೆ ನಮ್ಮ ಮನೆಯ ಒಲೆಯೇ ಕೆಟ್ಟಂತೆ.

ದೊಡ್ಡವ್ವ ಪ್ರತಿ ಐತವಾರ ಡಾಲ್ಡಾ ಡಬ್ಬಿಯಲ್ಲಿ ಬಾಣಲೆಯ ನೀರು ತುಂಬಿಕೊಂಡು ಸುರಪುರದಿಂದ ನಮ್ಮೂರಿನ ಬಸ್ಸು ಹತ್ತುತ್ತಿದ್ದಳು. ಆ ನಾತಕ್ಕೆ ಬಸ್ಸಿನ ಅರ್ಧ ಜನ ಮೂಗು ಮುಚ್ಚಿಕೊಳ್ಳುತ್ತಿದ್ದರು.

"ಡಬ್ಬಿಯೊಳಗ ಏನ್ ಸತ್ತೈತಬೇ ಯವ್ವಾ?" ಎಂದು ಕಂಡಕ್ಟರ್ ಕೇಳಿದರೆ, "ಸತ್ತದ್ದು ಹುಳ, ಉಳಿಯೋದು ನಮ್ಮ ತಂಗಿ ಕಾಲು. ನೀ ಟಿಕೀಟು ಕೊಡು" ಎನ್ನುತ್ತಿದ್ದಳು.

ಎರಡು ತಿಂಗಳಲ್ಲಿ ಅವ್ವನ ಕಾಲಿನ ಊತ ಇಳಿಯಿತು, ಸಂದಿಗಳು ಒಣಗಿದವು, ಹಿಮ್ಮಡಿ ಕೂಡಿತು. ನಾನು ಕಣ್ಣಾರೆ ಕಂಡದ್ದು, ಸುಳ್ಳು ಹೇಳಿ ನನಗೇನು ಆಗಬೇಕಿದೆ? ನಾಟಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಡಬ್ಬಿಗಾಗಿ ಕಾಯತೊಡಗಿದರು.

ದೊಡ್ಡವ್ವ ನೀರು ತರತೊಡಗಿದ ಮೂರನೆಯ ವರ್ಷ ಕಾಲುವೆ ದಂಡೆಯ ಜಾಲಿಮುಳ್ಳು ಅವ್ವನ ಬಲ ಅಂಗಾಲಿಗೆ ನಟ್ಟಿತು. ಸಂಜೆ ಮನೆಗೆ ಬಂದು ಕಾಲು ತೊಳೆಯುವಾಗಲೇ ಆಕೆಗೆ ಅದು ಗೊತ್ತಾದದ್ದು. ಕಿತ್ತು ಒಗೆದಳು. ಐತವಾರ ದೊಡ್ಡವ್ವ ಬಂದು ಗಾಯ ತೊಳೆದು, ಗೂಡಿನ ನೀರಲ್ಲಿ ಅರಿವೆ ನೆನೆಸಿ ಕಟ್ಟಿದಳು.

"ನೋವೈತೇನ ತಿಮ್ಮಿ?"

"ಇಲ್ಲಬೇ ಯಕ್ಕಾ, ನೋವೇ ಇಲ್ಲ. ನಿನ್ನ ನೀರಿನ ಗುಣ."

ಮೂರನೇ ವಾರಕ್ಕೆ ಗಾಯದ ಬಾಯಿ ಕೂಡಿತು. ದೊಡ್ಡವ್ವ ಆ ದಿನ ಹಿಗ್ಗಿಹೋಗಿದ್ದಳು. ಹತ್ತನೇ ಇಯತ್ತೆ ಪಾಸಾಗಿದ್ದ ನನಗಾದರೂ ಹೊಳೆಯಬೇಕಿತ್ತಲ್ಲ, ಬೆರಳುದ್ದದ ಮುಳ್ಳು ನಟ್ಟರೂ ನೋಯದ ಕಾಲು ಎಂಥ ಕಾಲು ಎಂದು? ಹೊಳೆಯಲಿಲ್ಲ. ನಾನೂ ಹಿಗ್ಗಿದೆ.

ಒಂದು ವಾರದಲ್ಲಿ ಅವ್ವನಿಗೆ ಚಳಿಜ್ವರ ಬಂತು. ಶಹಾಪುರದ ಡಾಕ್ಟರು ಕಾಲು ನೋಡಿದವರೇ ಕಲಬುರ್ಗಿಗೆ ಕಳಿಸಿದರು. ಅವ್ವನಿಗೆ ಸಕ್ಕರೆ ಕಾಯಿಲೆ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಪಾದದ ಅರಿವು ಎಂದೋ ಹೋಗಿತ್ತು. ಮುಳ್ಳಿನ ತುದಿ ಒಳಗೇ ಮುರಿದು ಉಳಿದಿತ್ತು. ಮೇಲೆ ತೊಗಲು ಕೂಡಿದ್ದರಿಂದ ಕೀವು ಒಳಗೊಳಗೇ ಏರಿತ್ತು. ಮೊಣಕಾಲ ಕೆಳಗೆ ಕತ್ತರಿಸಿದರು.

ದವಾಖಾನೆಯ ಮೆಟ್ಟಿಲ ಮೇಲೆ ನಾನು ನಾಲಿಗೆಗೆ ಲಗಾಮಿಲ್ಲದೆ ಅಂದೆ: "ನಿನ್ನ ಹುಳದ ನೀರು ನಮ್ಮವ್ವನ ಕಾಲು ತಿಂತು. ಇನ್ನ ನನ್ನ ಮಾತಾಡಸಬ್ಯಾಡ." ಆಕೆ ಅಳಲಿಲ್ಲ, ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದಳು.

ಆದರೂ ಐತವಾರ ತಪ್ಪಿಸಲಿಲ್ಲ. ಡಬ್ಬಿಯಿಲ್ಲದೆ ಬಂದು, ಅವ್ವನ ತಲೆ ಬಾಚಿ, ಉಳಿದ ಕಾಲಿಗೆ ಎಣ್ಣೆ ತಿಕ್ಕಿ ಹೋಗುತ್ತಿದ್ದಳು. ನಾನು ನೀರಿನ ತಂಬಿಗೆ ಇಟ್ಟು ಹೊರಗೆ ನಡೆಯುತ್ತಿದ್ದೆ. ಅವ್ವ ಮಾತ್ರ ಅಕ್ಕನನ್ನು ಒಂದು ದಿನವೂ ದೂರಲಿಲ್ಲ.

ಒಮ್ಮೆ ರೇಷ್ಮೆ ಇಲಾಖೆಯ ಪರಮಣ್ಣನವರು ಶೆಡ್ಡಿಗೆ ಬಂದಾಗ ದೊಡ್ಡವ್ವ ಗೂಡಿನ ನೀರಿನ ಗುಣದ ಬಗ್ಗೆ ಕೇಳಿದಳಂತೆ. "ಗೂಡಿನ ಅಂಟಿನ್ಯಾಗ ಒಂದು ಪ್ರೋಟೀನ್ ಐತಿ. ಊತ ಇಳಸ್ತೈತಿ, ಹೊಸ ಚರ್ಮ ಬರಸ್ತೈತಿ ಅಂತ ಪರೀಕ್ಷಾ ಮಾಡಾಕತ್ತಾರ. ಆದ್ರ ಅದನ್ನ ಶುದ್ಧ ಮಾಡಿ ತಗೀಬೇಕು. ಈ ಹುಳ ಕೊಳತ ನೀರಲ್ಲ" ಎಂದರಂತೆ ಅವರು. "ಹಂಗಾರ ಖರೇನೇ ಇತ್ರಿ?" ಎಂದು ಕೇಳಿ, ಆ ದಿನವೆಲ್ಲ ಉಣ್ಣಲಿಲ್ಲವಂತೆ. ಇದನ್ನು ಅವ್ವ ನನಗೆ ಹೇಳಿದಳು. ನನಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಸುಳ್ಳಾಗಿದ್ದರೆ ಬೈಯಲು ಸುಲಭವಿತ್ತು.

ಆಮೇಲೆ ಆಕೆ ಯಾರಿಗೂ ನೀರು ಕೊಡಲಿಲ್ಲ. ಗಾಯ ಕಂಡರೆ ಹೆಬ್ಬೆರಳಿಂದ ಸುತ್ತ ಒತ್ತಿ, "ನೋವಾಕತ್ತೈತೇನು?" ಎಂದು ಕೇಳುವುದೇ ರೂಢಿಯಾಯಿತು. ಹೌದೆಂದರೆ ಸಮಾಧಾನ. ಶೆಡ್ಡಿನಲ್ಲಿ ಜೊತೆಗೆ ದುಡಿಯುವ ಚಾಂದಬೀ ತನ್ನ ಕಾಲಿನ ಗಾಯ ನೋಯುವುದಿಲ್ಲ ಎಂದದ್ದಕ್ಕೆ ಆಕೆಯ ರಟ್ಟೆ ಹಿಡಿದು ದವಾಖಾನೆಗೆ ಎಳೆದೊಯ್ದಳು. "ನೋಯೋ ಗಾಯಕ್ಕ ಅಂಜಬ್ಯಾಡ, ನೋಯಲಾರದ್ದಕ್ಕ ಅಂಜು" ಎಂದು ದಾರಿಯುದ್ದಕ್ಕೂ ಬೈದಳಂತೆ. ಚಾಂದಬೀಗೂ ಸಕ್ಕರೆಯೇ. ಆಕೆ ಇವತ್ತಿಗೂ ಎರಡು ಕಾಲ ಮೇಲೆ ಓಡಾಡುತ್ತಾಳೆ.

ಕಾಲು ಹೋದ ಮೂರು ವರ್ಷಕ್ಕೆ ಅವ್ವ ತೀರಿಕೊಂಡಳು. ಅಂಗಳದಲ್ಲಿ ಮೈ ತೊಳೆಯುವಾಗ ದೊಡ್ಡವ್ವ ಯಾರಿಗೂ ಕೊಡದೆ ಆ ಒಂದು ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಬೆರಳಸಂದಿಗಳನ್ನು ಒಂದೊಂದಾಗಿ ತೊಳೆದಳು. ಆಮೇಲೆ ಹೆಬ್ಬೆರಳಿಂದ ಅಂಗಾಲು ಒತ್ತಿದಳು.

"ನೋವಾಕತ್ತೈತೇನ ತಿಮ್ಮಿ?"

ಹೆಂಗಸರು ಮುಖ ಮುಖ ನೋಡಿಕೊಂಡರು. ದೊಡ್ಡವ್ವ ಬೆರಳು ತೆಗೆಯದೆ ಉತ್ತರಕ್ಕೆ ಕಾಯುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ.

"ಇಲ್ಲ ದೊಡ್ಡವ್ವ, ಇನ್ನ ನೋವಿಲ್ಲ" ಎಂದೆ.

ಅದನ್ನು ಕೇಳಿ ಆಕೆ ಆ ಕಾಲನ್ನು ಎದೆಗೆ ಅಪ್ಪಿಕೊಂಡು ಮೊದಲ ಸಲ ಗಟ್ಟಿಯಾಗಿ ಅತ್ತಳು. ನಾನು ಪಕ್ಕದಲ್ಲಿ ಕುಳಿತು ತಂಬಿಗೆಯಿಂದ ನೀರು ಹಾಕುತ್ತಾ ಹೋದೆ.