ಆಯಮ್ಮನ ಮೂರನೇ ಕ್ಲಾಸು

ಆಯಮ್ಮನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಶಾಲೆಯ ಹಾಜರಿ ಪುಸ್ತಕ ಬಿಟ್ಟರೆ ಅದು ಇನ್ನೆಲ್ಲೂ ಚಲಾವಣೆಯಲ್ಲಿರಲಿಲ್ಲ. ಮಕ್ಕಳಿಗೆ ಅವಳು ಆಯಮ್ಮ, ಮಕ್ಕಳ ಅಪ್ಪ ಅಮ್ಮಂದಿರಿಗೂ ಆಯಮ್ಮ, ಕೊನೆಗೆ ಸ್ವಂತ ಮಗನೂ ಫೋನಿನಲ್ಲಿ ಹಾಗೆಂದೇ ಬರೆದಿಟ್ಟುಕೊಂಡಿದ್ದ. ಹನ್ನೊಂದು ವರ್ಷದಿಂದ ಶಾಲೆಯ ಬಸ್ಸಿನಲ್ಲಿ ಡ್ರೈವರನ ಪಕ್ಕದ ಒಂಟಿ ಸೀಟು ಅವಳದು. ಬೆಳಿಗ್ಗೆ ಮಕ್ಕಳನ್ನು ಹತ್ತಿಸಿಕೊಳ್ಳುವುದು, ಸಂಜೆ ಅವರವರ ಸ್ಟಾಪಿನಲ್ಲಿ ಅವರವರ ಮನೆಯವರಿಗೆ ಒಪ್ಪಿಸುವುದು, ಇಷ್ಟೇ ಕೆಲಸ. ಇಷ್ಟೇನಾ ಎಂದು ಮೂಗು ಮುರಿಯುವವರು ಒಂದೇ ಒಂದು ಸಂಜೆ ಐವತ್ತೆರಡು ಮಕ್ಕಳ ಜೊತೆ ಆ ಬಸ್ಸಿನಲ್ಲಿ ಬರಲಿ, ಆಮೇಲೆ ಮಾತಾಡೋಣ.

ಐವತ್ತೆರಡು ಮುಖವೂ ಅವಳಿಗೆ ಬಾಯಿಪಾಠ. ಯಾರ ನೀರಿನ ಬಾಟಲಿ ಸೋರುತ್ತದೆ, ಯಾರಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಯಾವ ಅಣ್ಣ ತಂಗಿಯನ್ನು ಚಿವುಟಿ ಏನೂ ಅರಿಯದವನ ಹಾಗೆ ಕಿಟಕಿಯಾಚೆ ನೋಡುತ್ತಾನೆ, ಎಲ್ಲ ಗೊತ್ತು. ಗೊತ್ತಿಲ್ಲದ್ದು ಓದು ಮಾತ್ರ. ಏಳನೇ ವಯಸ್ಸಿಗೇ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋದವಳಿಗೆ ಅಕ್ಷರ ಕಲಿಸುವ ಪುರುಸೊತ್ತು ಯಾರಿಗಿತ್ತು? ಆದರೆ ಅದನ್ನು ಮುಚ್ಚಿಡುವುದರಲ್ಲಿ ಅವಳದು ಪಳಗಿದ ಕೈ. ಯಾರಾದರೂ ಚೀಟಿ ಕೊಟ್ಟರೆ ದೂರ ಹಿಡಿದು, ಹುಬ್ಬು ಗಂಟಿಕ್ಕಿ, ನಾಲ್ಕು ಸಾಲು ಓದಲು ಬೇಕಾಗುವಷ್ಟು ಹೊತ್ತು ನೋಡಿ, ಆಯ್ತು ಬಿಡಿ ಎಂದು ಸೀರೆ ಮೇಲಿನ ಖಾಕಿ ಕೋಟಿನ ಜೇಬಿಗೆ ಇಳಿಸುವಳು. ಬಸ್ಸು ಹೊರಟ ಮೇಲೆ ಯಾವುದಾದರೂ ದೊಡ್ಡ ಹುಡುಗಿಯನ್ನು ಕರೆದು, ಕನ್ನಡಕ ಮರೆತು ಬಂದೆ ಕಣೆ, ಇದನ್ನೊಂದು ಓದು ಎನ್ನುವಳು. ಕನ್ನಡಕ ಅವಳ ಹತ್ತಿರ ಇರಲೇ ಇಲ್ಲ.

ಈ ನಾಟಕ ಹನ್ನೊಂದು ವರ್ಷ ನಡೆಯಿತು. ಒಂದು ಸಂಜೆ ಕೈಕೊಟ್ಟಿತು. ದೊಡ್ಡ ಕ್ಲಾಸಿನವರೆಲ್ಲ ಆಟದ ಪಂದ್ಯಕ್ಕೆ ಹೋಗಿದ್ದರು, ಬಸ್ಸಿನಲ್ಲಿ ಬರೀ ಚಿಳ್ಳೆಪಿಳ್ಳೆಗಳು. ಎರಡನೇ ಕ್ಲಾಸಿನ ಒಂದು ಮಗುವಿನ ಚೀಟಿ ಜೇಬಿನಲ್ಲೇ ಉಳಿಯಿತು. ಮನೆಗೆ ಬೀಗ ಹಾಕಿದೆ, ಚಿಕ್ಕಮ್ಮನ ಸ್ಟಾಪಿನಲ್ಲಿ ಇಳಿಸಿ ಎಂದು ಅದರಲ್ಲಿ ಬರೆದಿತ್ತು. ಆಯಮ್ಮ ಎಂದಿನಂತೆ ಮನೆ ಮುಂದೆಯೇ ಇಳಿಸಿದಳು, ಗೇಟು ತೆರೆದಿದ್ದನ್ನು ನೋಡಿ ಅಜ್ಜಿ ಒಳಗಿದ್ದಾರೆ ಎಂದುಕೊಂಡಳು. ಮಗು ಬೀಗದ ಮುಂದೆ ಒಂದೂವರೆ ಗಂಟೆ ಕೂತು ಇರುವೆ ಎಣಿಸಿತು. ಮಗುವಿಗೇನೂ ಬೇಜಾರಿರಲಿಲ್ಲ, ಇರುವೆ ಬಹಳ ಇದ್ದವಂತೆ. ಬೇಜಾರಾದದ್ದು ಆಯಮ್ಮನಿಗೆ. ಮಾರನೆಯ ದಿನ ಯಾರೂ ಕೇಳುವ ಮೊದಲೇ ಹೆಡ್ ಮೇಡಂ ಕೋಣೆಗೆ ಹೋಗಿ, ನನಗೆ ಓದೋಕೆ ಬರಲ್ಲ ಎಂದು ಹೇಳಿಬಿಟ್ಟಳು.

ಹೆಡ್ ಮೇಡಂ ಆ ವರ್ಷವಷ್ಟೇ ಬಂದವರು. ಬಯ್ಯುವವರಲ್ಲ, ನಗುವವರೂ ಅಲ್ಲ. ಮೇಜಿನ ಮೇಲಿನ ಪೆನ್ಸಿಲ್ಲುಗಳನ್ನು ಕೂಡ ಸಾಲಾಗಿ ನಿಲ್ಲಿಸಿದ್ದರು. ನಿಜ ಹೇಳಿದ್ದಕ್ಕೆ ಸಂತೋಷ ಎಂದರು. ಆದರೆ ಪಟ್ಟಿ ಓದಲು ಬಾರದವರ ಕೈಗೆ ಮಕ್ಕಳನ್ನು ಕೊಡುವ ಹಾಗಿಲ್ಲ ಎಂದರು. ನಾಲ್ಕು ತಿಂಗಳು ಗಡುವು, ಅಲ್ಲಿಯವರೆಗೆ ಒಬ್ಬ ಟೀಚರು ಪಟ್ಟಿ ಹಿಡಿದು ಬಸ್ಸಿನಲ್ಲಿ ಜೊತೆಗೆ ಬರುತ್ತಾರೆ. ಆಮೇಲೆ ಮೂರನೇ ಕ್ಲಾಸಿನ ಪರೀಕ್ಷೆ. ಗದ್ಯ ಓದಿ ಐದು ಪ್ರಶ್ನೆಗೆ ಉತ್ತರ ಬರೆಯಬೇಕು, ಮೂರಾದರೂ ಸರಿಯಿರಬೇಕು. ಇಲ್ಲವಾದರೆ ಬಸ್ಸಿಗೆ ಬೇರೆಯವರು, ಆಯಮ್ಮನಿಗೆ ಸ್ಟೋರ್ ರೂಮು. ಸ್ಟೋರ್ ರೂಮಿನಲ್ಲಿ ಸೀಮೆಸುಣ್ಣದ ಡಬ್ಬಗಳಿವೆ, ಪೊರಕೆಗಳಿವೆ, ಕಾಲು ಮುರಿದ ಬೆಂಚುಗಳಿವೆ. ಮಕ್ಕಳಿಲ್ಲ.

ಕಲಿಸುವವರು ಯಾರು? ಮನೆಯಲ್ಲೇ ಇದ್ದಳು, ಸೊಸೆ. ಮುಂದಿನ ಕೋಣೆಯಲ್ಲಿ ಸಂಜೆ ಹೊತ್ತು ಕೇರಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಒಂದೊಂದು ಹಾಳೆಗೆ ಒಂದೊಂದು ಪ್ರಾಣಿ. ಮೇಲೆ ಚಿತ್ರ, ಕೆಳಗೆ ಐದು ಸಾಲು ಗದ್ಯ, ಅದರ ಕೆಳಗೆ ಪ್ರಶ್ನೆ, ಹಿಂಬದಿಗೆ ವ್ಯಾಕರಣ. ಎಲ್ಲ ಅವಳೇ ಕೂತು ಕೈಯಾರೆ ಬರೆದದ್ದು. ಚಿತ್ರ ಮಾತ್ರ ಅವಳಿಗೆ ಒಲಿದಿರಲಿಲ್ಲ. ಅವಳ ಹಸುವಿಗೂ ನಾಯಿಗೂ ಕೊಂಬೊಂದೇ ವ್ಯತ್ಯಾಸ. ಏಳು ವರ್ಷ ಆಯಮ್ಮ ಈ ಸೊಸೆಯ ಅಡುಗೆಗೆ ಉಪ್ಪು ಹೆಚ್ಚು, ಖಾರ ಕಮ್ಮಿ ಎಂದು ಮಾರ್ಕು ಹಾಕಿದ್ದಳು. ಈಗ ಕೆಂಪು ಪೆನ್ನು ಸೊಸೆಯ ಕೈಗೆ ಬಂತು. ಮಗ ಜಾಣ, ಆ ನಾಲ್ಕು ತಿಂಗಳು ಸಂಜೆ ಹೊತ್ತು ಮನೆ ಕಡೆ ತಲೆ ಹಾಕಲಿಲ್ಲ.

ಅಕ್ಷರಗಳೇನೋ ಎರಡು ತಿಂಗಳಿಗೆ ಬಗ್ಗಿದವು. ಒತ್ತಕ್ಷರಕ್ಕೆ ಒಂದಿಷ್ಟು ಕಣ್ಣೀರು ಸುರಿಯಿತು, ಇಬ್ಬರದ್ದೂ. ತಕರಾರು ಶುರುವಾದದ್ದು ವ್ಯಾಕರಣದಲ್ಲಿ. ಕೋಳಿ ಮೊಟ್ಟೆ ಇಟ್ಟಳು ಎಂದು ಆಯಮ್ಮ ಬರೆದಳು. ಇಟ್ಟಿತು ಎಂದು ಸೊಸೆ ತಿದ್ದಿದಳು. ಮೊಟ್ಟೆ ಇಡುವವಳು ಹೆಂಗಸಲ್ಲದೆ ಗಂಡಸಾ ಎಂದು ಆಯಮ್ಮ ಕೇಳಿದಳು. ಪ್ರಾಣಿಗಳೆಲ್ಲ ನಪುಂಸಕಲಿಂಗ ಅತ್ತೆ, ಮಗು ಕೂಡ ಬಂದಿತು ಅಂತಲೇ ಬರೆಯಬೇಕು ಎಂದು ಸೊಸೆ ವಿವರಿಸಿದಳು. ಹಾಗಾದರೆ ಬಸ್ಸೂ ಬಂತು, ಬಸ್ಸಿನೊಳಗಿನ ಮಗುವೂ ಬಂತು, ಸ್ಟೆಪ್ನಿಯೂ ಬಂತು, ಒಳ್ಳೆ ವ್ಯಾಕರಣ ನಿಂದು ಎಂದು ಆಯಮ್ಮ ಅರ್ಧ ಗಂಟೆ ಮುಖ ಊದಿಸಿಕೊಂಡು ಕೂತಳು. ಇನ್ನೊಂದು ದಿನ ವಿರುದ್ಧ ಪದ. ಹಗಲು ಅಂದರೆ ಇರುಳು, ಸಿಹಿ ಅಂದರೆ ಕಹಿ, ಎಲ್ಲ ಸರಿಯಾಗಿ ಬಂತು. ಹುಮ್ಮಸ್ಸಿನಲ್ಲಿ ಪಕ್ಕದ ಲಿಂಗ ಬದಲಿಸಿ ಎಂಬ ಸಾಲನ್ನೂ ಅದೇ ಲೆಕ್ಕದಲ್ಲಿ ಮುಗಿಸಿಬಿಟ್ಟಳು. ಅತ್ತೆ ಎಂಬುದರ ಮುಂದೆ ಮಾವ ಎಂದಿರಬೇಕಾದ ಜಾಗದಲ್ಲಿ ದಪ್ಪಕ್ಷರದಲ್ಲಿ ಸೊಸೆ ಎಂದಿತ್ತು. ಸೊಸೆ ತುಂಬಾ ಹೊತ್ತು ಅದನ್ನೇ ನೋಡಿದಳು. ಕೊನೆಗೆ ತಪ್ಪು ಎಂದು ಗೀಟು ಹಾಕಿ, ಅನುಭವಕ್ಕೆ ಎಂದು ಬರೆದು ಅರ್ಧ ಮಾರ್ಕು ಕೊಟ್ಟಳು. ಆವತ್ತು ಇಬ್ಬರೂ ನಕ್ಕ ನಗುವಿಗೆ ಟ್ಯೂಷನ್ ಮಕ್ಕಳು ಬಾಗಿಲಲ್ಲೇ ನಿಂತುಬಿಟ್ಟರು.

ನಿಜವಾದ ಗಂಡಾಂತರವೆಂದರೆ ಗದ್ಯ. ಬೆಕ್ಕು ಇಲಿ ಹಿಡಿಯುತ್ತದೆ ಎಂದು ಹಾಳೆಯಲ್ಲಿ ಸ್ಪಷ್ಟವಾಗಿದ್ದರೂ, ಬೆಕ್ಕು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಆಯಮ್ಮ, ಏನೂ ಮಾಡುವುದಿಲ್ಲ, ಮಲಗಿರುತ್ತದೆ ಎಂದು ಬರೆದಳು. ನಾಯಿ ಯಾರಿಗೆ ನಿಷ್ಠೆಯಿಂದ ಇರುತ್ತದೆ? ಮೂಳೆ ಹಾಕಿದವರಿಗೆ. ನವಿಲು ಯಾವಾಗ ಕುಣಿಯುತ್ತದೆ? ನಾನು ನೋಡಿಲ್ಲ. ಐದಕ್ಕೆ ಸೊನ್ನೆ, ಐದಕ್ಕೆ ಒಂದು, ಮತ್ತೆ ಸೊನ್ನೆ. ಸೊಸೆ ತಲೆ ತಲೆ ಚಚ್ಚಿಕೊಂಡಳು.

"ಅತ್ತೆ, ನಿಮಗೆ ಗೊತ್ತಿರೋದನ್ನ ಯಾರೂ ಕೇಳ್ತಾ ಇಲ್ಲ. ಗದ್ಯದಲ್ಲಿ ಏನಿದೆಯೋ ಅಷ್ಟೇ ಬರೀಬೇಕು."

"ಗದ್ಯ ಸುಳ್ಳು ಹೇಳಿದ್ರೆ?"

"ಆ ಸುಳ್ಳನ್ನೇ ನೀಟಾಗಿ ಬರೀರಿ. ನಿಮ್ಮ ದಮ್ಮಯ್ಯ, ನಿಮ್ಮ ಸೀಟು ಉಳೀಬೇಕು."

ಈ ಕೊನೆಯ ಮಾತು ಆಯಮ್ಮನಿಗೆ ನಾಟಿತು. ಸೊಸೆಯ ಬಾಯಲ್ಲಿ ದಮ್ಮಯ್ಯ ಎಂಬ ಪದವನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಅಂದಿನಿಂದ ಹಲ್ಲು ಕಚ್ಚಿಕೊಂಡು, ಬೆಕ್ಕು ಇಲಿ ಹಿಡಿಯುತ್ತದೆ ಎಂದು ಬರೆಯತೊಡಗಿದಳು. ಅವರ ಮನೆಯ ಬೆಕ್ಕು ಅಲ್ಲೇ ಬಿದ್ದುಕೊಂಡಿರುತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಐದಕ್ಕೆ ನಾಲ್ಕು ಬಂತು.

ಪರೀಕ್ಷೆ ಶನಿವಾರ, ಮೂರನೇ ಕ್ಲಾಸಿನ ಕೋಣೆಯಲ್ಲಿ, ಮೂರನೇ ಕ್ಲಾಸಿನ ಬೆಂಚಿನ ಮೇಲೆ. ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಹೆಡ್ ಮೇಡಂ ತಾವೇ ಬರೆದ ಪ್ರಶ್ನೆಪತ್ರಿಕೆ ಕೊಟ್ಟು, ಎದುರಿನ ಕುರ್ಚಿಯಲ್ಲಿ ಗಡಿಯಾರ ನೋಡಿಕೊಂಡು ಕೂತರು. ವ್ಯಾಕರಣ ಸಲೀಸಾಗಿ ಮುಗಿಯಿತು. ಆಯಮ್ಮ ಹಾಳೆ ತಿರುವಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಗದ್ಯ ಓದಿದಳು. ಕತ್ತೆ ಒಂದು ಪೆದ್ದು ಪ್ರಾಣಿ. ಅದು ಭಾರ ಹೊರುತ್ತದೆ. ಅದಕ್ಕೆ ದಾರಿ ತಿಳಿಯುವುದಿಲ್ಲ. ಅದು ಹಠ ಮಾಡಿ ಏಟು ತಿನ್ನುತ್ತದೆ. ಅದರ ಧ್ವನಿ ಕರ್ಕಶ.

ಓದಿ ಮುಗಿಸಿದವಳಿಗೆ ಮೈ ಉರಿದುಹೋಯಿತು. ಬೇರೆ ಯಾವ ಪ್ರಾಣಿಯಾದರೂ ಆಗಿದ್ದರೆ ಸುಳ್ಳನ್ನು ನೀಟಾಗಿ ಬರೆದು ಎದ್ದು ಬರುತ್ತಿದ್ದಳು. ಇದು ಕತ್ತೆ. ಇಟ್ಟಿಗೆ ಗೂಡಿನಲ್ಲಿ ಐದು ವರ್ಷ ಅವಳ ಜೊತೆ ದುಡಿದದ್ದು ಒಂದು ಕತ್ತೆ, ಬೂದು ಬಣ್ಣದ್ದು, ಎಡಗಿವಿ ಹರಿದದ್ದು. ಮಣ್ಣಿನ ಗುಂಡಿಯಿಂದ ಗೂಡಿಗೆ ದಿನಕ್ಕೆ ಹದಿನಾಲ್ಕು ಸಲ. ಏಳು ವರ್ಷದ ಹುಡುಗಿ ಅದರ ಕುತ್ತಿಗೆಗೆ ಕೈ ಹಾಕಿಕೊಂಡು ನಡೆಯುತ್ತಲೇ ನಿದ್ದೆ ಹೊಡೆಯುತ್ತಿದ್ದಳು. ದಾರಿ ಗೊತ್ತಿದ್ದದ್ದು ಕತ್ತೆಗೇ. ಒಂದು ದಿನ ಗುಂಡಿಯ ಅಂಚಿನಲ್ಲಿ ಅದು ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಅವಳು ಬೈದಳು, ಎಳೆದಳು, ಕೋಲು ತೆಗೆದುಕೊಂಡು ಬಾರಿಸಿದಳು. ಅಲುಗಲಿಲ್ಲ. ಅವಳು ಕೋಲು ಎತ್ತಿರುವಾಗಲೇ ಮುಂದಿನ ದಾರಿ ಕುಸಿದು ಗುಂಡಿಯೊಳಗೆ ಹೋಯಿತು. ಆ ಏಟುಗಳ ನೆನಪಾದರೆ ಈಗಲೂ ಅವಳ ಕೈ ಅವಳಿಗೇ ಬೇಡವಾಗುತ್ತದೆ.

ಕತ್ತೆ ಎಂಥ ಪ್ರಾಣಿ? ಕತ್ತೆ ಏನನ್ನು ಹೊರುತ್ತದೆ? ಕತ್ತೆಗೆ ಏನು ತಿಳಿಯುವುದಿಲ್ಲ? ಕತ್ತೆ ಏಕೆ ಏಟು ತಿನ್ನುತ್ತದೆ? ಕತ್ತೆಯ ಧ್ವನಿ ಹೇಗಿದೆ? ಐದರಲ್ಲಿ ಅವಳು ಮನಸ್ಸಾರೆ ಬರೆಯಬಹುದಾಗಿದ್ದದ್ದು ಒಂದು. ಬೇಕಾದದ್ದು ಮೂರು. ಪೆದ್ದು ಎಂದು ಬರೆಯಲು ಪೆನ್ಸಿಲ್ಲು ಹಾಳೆಗೆ ತಾಗಿಸಿದಳು, ಪಕಾರದಾಚೆಗೆ ಕೈ ಹೋಗಲಿಲ್ಲ. ಅಳಿಸಿದಳು. ಬಸ್ಸಿನ ಸೀಟು ನೆನೆದುಕೊಂಡಳು, ಸೊಸೆಯ ದಮ್ಮಯ್ಯ ನೆನೆದುಕೊಂಡಳು, ಮತ್ತೆ ಬರೆದಳು, ಮತ್ತೆ ಅಳಿಸಿದಳು. ಹಾಳೆ ಅಲ್ಲೊಂದು ಕಡೆ ಸವೆದು ತೆಳ್ಳಗಾಯಿತು. ಇನ್ನು ಹತ್ತು ನಿಮಿಷ ಎಂದರು ಮೇಡಂ.

ಆಗ ಅವಳಿಗೆ ಹೊಳೆಯಿತು ನೋಡಿ. ಅಲ್ಲ, ಸ್ಟಾಪುಗಳಲ್ಲಿ ನಿಂತ ತಾಯಂದಿರ ಬಾಯಿಂದ ಹನ್ನೊಂದು ವರ್ಷ ಸುದ್ದಿ ಕೇಳಿ, ಮುಂದಿನ ಸ್ಟಾಪಿಗೆ ಬಿಸಿಬಿಸಿಯಾಗಿ ದಾಟಿಸಿದವಳು ಅವಳು. ಆ ಮನೆಯವರು ಖಾಲಿ ಮಾಡುತ್ತಾರಂತೆ, ಇವರ ಮಗಳು ಯಾರನ್ನೋ ಮೆಚ್ಚಿದ್ದಾಳಂತೆ. ಒಂದು ಸಲವಾದರೂ ಯಾವ ಜಗಳಕ್ಕೂ ಅವಳ ಹೆಸರು ಸಿಕ್ಕಿಬಿದ್ದಿರಲಿಲ್ಲ. ಹೇಳಿದ ಹಾಗೂ ಆಗಬೇಕು, ಹೊಣೆ ತನ್ನ ತಲೆಗೆ ಬರಲೂಬಾರದು, ಅದಕ್ಕೊಂದು ಎರಡಕ್ಷರ ಭಾಷೆಯಲ್ಲೇ ಇರುವಾಗ ಇಷ್ಟು ಹೊತ್ತು ಹಾಳೆ ಸವೆಸಿದ್ದೇಕೆ? ಅವಳು ಪೆನ್ಸಿಲ್ಲಿನ ತುದಿ ನಾಲಿಗೆಗೆ ಮುಟ್ಟಿಸಿಕೊಂಡು ಬರೆಯತೊಡಗಿದಳು, ಗಂಟೆ ಬಾರಿಸುವ ಹೊತ್ತಿಗೆ ಮುಗಿಸಿದಳು.

ಒಂದೇ ಉತ್ತರಪತ್ರಿಕೆ, ಮೇಡಂ ಅಲ್ಲೇ ತಿದ್ದಲು ಕೂತರು. ವ್ಯಾಕರಣದ ಪುಟದ ಮೇಲೆ ಪೆನ್ನು ಸರಸರ ಓಡಿತು. ಹಿಂಬದಿಗೆ ಬಂದು ನಿಂತಿತು. ಅಲ್ಲಿ ಹೀಗಿತ್ತು: ಕತ್ತೆ ಪೆದ್ದು ಪ್ರಾಣಿಯಂತೆ. ಕತ್ತೆ ಭಾರ ಹೊರುತ್ತದೆ. ಕತ್ತೆಗೆ ದಾರಿ ತಿಳಿಯುವುದಿಲ್ಲವಂತೆ. ಕತ್ತೆ ಹಠ ಮಾಡುತ್ತದಂತೆ, ಅದಕ್ಕೆ ಏಟು ತಿನ್ನುತ್ತದಂತೆ. ಕತ್ತೆಯ ಧ್ವನಿ ಕರ್ಕಶವಂತೆ.

"ಇದೇನು ಆಯಮ್ಮ, ಬರೀ ಅಂತೆ ಅಂತೆ? ಗದ್ಯದಲ್ಲಿ ಅಂತೆ ಎಲ್ಲಿದೆ?"

"ಗದ್ಯ ಹಾಗೆ ಹೇಳ್ತದೆ ಮೇಡಂ. ಅದು ಹೇಳಿದ್ದನ್ನ ಬರೆದಿದ್ದೀನಿ. ನಾನು ಹೇಳ್ತಿರೋದಲ್ಲ."

ಮೇಡಂ ಇನ್ನೊಮ್ಮೆ ಓದಿದರು. ಉತ್ತರಗಳಲ್ಲಿ ತಪ್ಪು ಹುಡುಕಲು ಹೊರಟರೆ ತಪ್ಪಿಲ್ಲ, ಸರಿ ಎಂದು ಗೀಟು ಹಾಕಲು ಹೋದರೆ ಕೈ ಏಳುವುದಿಲ್ಲ. ಎರಡನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದೊಂದಕ್ಕೆ ಯಾಕೆ ಹಾಕಿಲ್ಲ?"

"ಅದನ್ನ ನಾನೇ ಕಣ್ಣಾರೆ ಕಂಡಿದ್ದೀನಿ."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಒಮ್ಮೆ ಬಾಯಿ ತೆರೆದರೆ ಆಯಮ್ಮನಿಗೆ ಬ್ರೇಕಿಲ್ಲ. ಹರಿದ ಕಿವಿ, ಹದಿನಾಲ್ಕು ಸುತ್ತು, ಕುಸಿದ ದಾರಿ, ತಾನು ಹೊಡೆದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಕೊನೆಗೆ ತಪ್ಪು ತಿಳಿಯಬೇಡಿ, ನೀವು ಕತ್ತೆಯನ್ನು ಹತ್ತಿರದಿಂದ ನೋಡಿದ್ದೀರಾ ಎಂದು ಕೇಳಿಯೂಬಿಟ್ಟಳು. ಮೇಡಂ ಪ್ರಾಮಾಣಿಕರು. ಸ್ವಲ್ಪ ಯೋಚನೆ ಮಾಡಿ, ಒಂದು ಸಲ ಕಾರಿನ ಕಿಟಕಿಯಿಂದ ಎಂದರು.

"ಹಾಗಾದ್ರೆ ಮೇಡಂ, ಅಂತೆ ಹಾಕಬೇಕಾಗಿದ್ದು ನೀವು."

ಹೇಳಿದ ಮೇಲೆ ಹೇಳಿದ್ದೇನೆಂದು ಅವಳಿಗೆ ಅರ್ಥವಾಯಿತು. ನಾಲಿಗೆ ಕಚ್ಚಿಕೊಂಡಳು. ಸ್ಟೋರ್ ರೂಮಿನ ಪೊರಕೆಗಳು ಕಣ್ಣ ಮುಂದೆ ಸಾಲಾಗಿ ನಿಂತವು. ಇಷ್ಟು ಮಾಡಿ ದಡದಲ್ಲಿ ಮುಳುಗಿದೆನಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು. ಮೇಡಂ ಅವರ ಕೆನ್ನೆ ಒಮ್ಮೆ ಅದುರಿತು, ಕಿವಿ ಕೆಂಪಾದವು. ಆಮೇಲೆ ತಮ್ಮ ಗದ್ಯದ ಹಾಳೆಯನ್ನು ಎಳೆದುಕೊಂಡು ಅದರ ಮೊದಲ ಸಾಲಿಗೆ ಅಡ್ಡಗೀಟು ಹಾಕಿದರು, ಆಯಮ್ಮನ ಹಾಳೆಯ ಮೇಲೆ ಐದಕ್ಕೆ ಐದು ಎಂದು ಬರೆದು ಸಹಿ ಮಾಡಿದರು. ಮೇಜಿನ ಡ್ರಾಯರಿನಿಂದ ಬಸ್ಸಿನ ಪಟ್ಟಿ ತೆಗೆದು ಕೊಟ್ಟು, ಸೋಮವಾರದಿಂದ ಇದು ನಿಮ್ಮ ಕೈಯಲ್ಲೇ ಇರಲಿ ಎಂದರು.

ಆಯಮ್ಮ ಪಟ್ಟಿಯನ್ನು ದೂರ ಹಿಡಿಯಲಿಲ್ಲ. ಹತ್ತಿರ ಹಿಡಿದು, ಬೆರಳಿಟ್ಟು, ಮೊದಲ ಮಗುವಿನ ಹೆಸರು ಓದಿದಳು. ಎರಡನೆಯದನ್ನೂ ಓದಿದಳು. ಕಣ್ಣು ಮಂಜಾದ್ದರಿಂದ ಮೂರನೆಯದು ಆಗಲಿಲ್ಲ. ಎದ್ದು ಬಾಗಿಲವರೆಗೆ ಹೋಗಿದ್ದಳು, ಮೇಡಂ ಹಿಂದಿನಿಂದ ಕರೆದರು. ಆ ಕತ್ತೆ ಆಮೇಲೆ ಏನಾಯಿತು ಎಂದು ಅವರಿಗೆ ತಿಳಿಯಬೇಕಾಗಿತ್ತು.

"ಗೂಡು ಮುಚ್ಚಿದಾಗ ಅಪ್ಪ ಮಾರಿಬಿಟ್ಟ ಮೇಡಂ. ನಾನು ಶಾನೆ ಅತ್ತೆ." ಆಯಮ್ಮ ಪಟ್ಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡಳು. "ಕೊಂಡವರು ಒಳ್ಳೆಯವರಂತೆ. ಒಂದು ದಿನಾನೂ ಹೊಡೀಲಿಲ್ಲವಂತೆ."