ಹೆಚ್ಚಾದ ಜೋಳ

ಹುಲಿಗೆವ್ವ ಪುಣೆಯ ಹಡಪಸರದ ತಗಡಿನ ಖೋಲಿ ಬಿಟ್ಟು ಕದಲಲಿಲ್ಲ. ದೇಹೂ ರೋಡಿನಲ್ಲಿದ್ದ ಮಗಳು ಭುವನೇಶ್ವರಿ ಕರೆದು ಕರೆದು ಸಾಕಾಗಿ ಸುಮ್ಮನಾದಳು. ಹಟಮಾರಿ ಮುದುಕಿ ಎಂದು ಓಣಿಯವರು ಆಡಿಕೊಂಡರು. ಹಟವೂ ಅಲ್ಲ, ಮಣ್ಣೂ ಅಲ್ಲ. ಅವಳು ಕೊಟ್ಟ ಮಾತಿಗೆ ನಿಂತಿದ್ದಳು. ಮಾತು ತೆಗೆದುಕೊಂಡವರೇ ಅದನ್ನು ಮರೆತು ಕೂತಿದ್ದರು.

ತೆಗೆದುಕೊಂಡವಳು ಶೈಲಶ್ರೀ. ೧೯೯೭ರಲ್ಲಿ ಪುಣೆಯ ಒಂದು ಸಂಸ್ಥೆ, ಬಡವರ ಮನೆಗಳಿಗೆ ವರ್ಷವರ್ಷವೂ ಹೋಗಿ ಅವೇ ಪ್ರಶ್ನೆ ಕೇಳಿ, ಯಾರು ಮೇಲೆ ಬಂದರು, ಯಾರು ಇನ್ನೂ ಕೆಳಗಿಳಿದರು ಎಂದು ನೋಡಲು ಹೊರಟಿತ್ತು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರನ್ನು ಮಾತಾಡಿಸಲು ಕನ್ನಡ ಬಲ್ಲವರು ಬೇಕಿತ್ತು. ಶೈಲಶ್ರೀ ಪುಣೆಯಲ್ಲೇ ಹುಟ್ಟಿದ ಗುಮಾಸ್ತರ ಮಗಳು. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಅಪ್ಪ-ಮಗಳಿಗೆ ಊಟ ಖಾನಾವಳಿಯ ಡಬ್ಬಿಯಲ್ಲಿ ಬರುತ್ತಿತ್ತು. ಅವಳಿಗೆ ಕನ್ನಡವೇನೋ ಬರುತ್ತಿತ್ತು, ಅಡುಗೆಮನೆಯ ಕನ್ನಡ ಬರುತ್ತಿರಲಿಲ್ಲ. ಅದನ್ನು ಯಾವ ಸಂಸ್ಥೆ ಪರೀಕ್ಷೆ ಮಾಡುತ್ತದೆ?

ಮೊದಲ ಸಲ ಹೋದಾಗ ಹುಲಿಗೆವ್ವನ ಗಂಡ ಅಂಬಾರಾಯ ಬಾಗಿಲಲ್ಲೇ ಕೂತಿದ್ದ. ಏನು ಉಂಡಿರಿ, ಏನು ತಂದಿರಿ ಎಂದೆಲ್ಲ ಕೇಳಿ ಏಳುವಾಗ ಶೈಲಶ್ರೀ ಹೇಳಿದಳು:

"ಖೋಲಿ ಬದಲ್ ಮಾಡಬ್ಯಾಡ್ರಿ ಅವ್ವಾ. ನೀವು ಸಿಗಲಿಲ್ಲಂದ್ರ ನಮ್ಮ ಕೆಲಸಾನೇ ಕೆಡ್ತದ. ನಾ ವರ್ಷಾ ವರ್ಷಾ ಬರ್ತೀನಿ."

"ಆತ್ರಿ ಬಾಯಾರ," ಎಂದಳು ಹುಲಿಗೆವ್ವ.

ಮರುವರ್ಷ ಅವಳು ಬರುವಷ್ಟರಲ್ಲಿ ಅಂಬಾರಾಯ ಜ್ವರ ಬಂದು ತೀರಿಹೋಗಿದ್ದ, ಮಗಳು ಮದುವೆಯಾಗಿ ಹೋಗಿದ್ದಳು. ದಿನವೆಲ್ಲ ಇಟ್ಟಿಗೆ ಹೊತ್ತು ಬಂದ ಹುಲಿಗೆವ್ವನನ್ನು ಉಂಡೆಯೇನು ಎಂದು ಕೇಳುವ ದಿಕ್ಕಿರಲಿಲ್ಲ. ಶೈಲಶ್ರೀ ಎದುರು ಕೂತು, ಬೆಳಿಗ್ಗೆ ಏನು ಉಂಡಿರಿ, ರಾತ್ರಿ ಏನು ಉಂಡಿರಿ ಎಂದು ಕೇಳಿದಾಗ ಅವಳಿಗೆ ಕಣ್ಣು ತುಂಬಿ ಬಂತು.

"ಮನ್ಯಾಗ ಜ್ವಾಳ ಎಷ್ಟವ ಅವ್ವಾ?"

ಹುಲಿಗೆವ್ವ ಮುಚ್ಚಿದ ಡಬ್ಬಿಯ ಕಡೆ ನೋಡಿದಳು. "ಜ್ವಾಳ ಹೆಚ್ಚಾಗ್ಯಾವ್ರಿ. ಎಣ್ಣೀನೂ ಹೆಚ್ಚಾಗ್ಯಾದ."

ಸದ್ಯ, ಅಷ್ಟಾದರೂ ಇದೆಯಲ್ಲ ಎಂದು ಶೈಲಶ್ರೀಗೆ ಸಮಾಧಾನವಾಯಿತು. ಹಾಗೇ ಬರೆದುಕೊಂಡಳು. ಸಂಸ್ಥೆಯ ಜಾಣರು ನೋಡಿದರು: ಉಣ್ಣುವ ಬಾಯಿ ಕಡಿಮೆ, ಕಾಳು ಹೆಚ್ಚು, ಈ ಮನೆ ಮೇಲೆ ಬಂದಿದೆ. ಮೇಲೆ ಬಂದವರ ಮನೆಗೆ ಮತ್ತೆ ಯಾಕೆ ಹೋಗಬೇಕು ಎಂದು ಕೈಬಿಟ್ಟರು.

ಹುಲಿಗೆವ್ವ ಕಾದಳು. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ, ಈಗ ಬಂದಾಳು ಎಂದು ಬಾಗಿಲ ಮುಂದೆ ಸಾರಿಸುತ್ತಿದ್ದಳು. ಸುತ್ತಲಿನ ಖೋಲಿಗಳು ಒಂದೊಂದೇ ಹೋಗಿ ಕಂಪನಿಗಳ ಕಟ್ಟಡ ಎದ್ದವು. ಮಗಳು ಬಾ ಎಂದಾಗಲೆಲ್ಲ ಒಂದೇ ಉತ್ತರ: "ಬಾಯಾರು ಬಂದಾಗ ನಾ ಇರಬ್ಯಾಡೇನ?"

ಇತ್ತ ಶೈಲಶ್ರೀ ಕೆಲಸ ಬಿಟ್ಟು, ಮದುವೆಯಾಗಿ, ಮಾರ್ಕೆಟ್ ಯಾರ್ಡಿನ ವ್ಯಾಪಾರಿಯೊಬ್ಬರ ಮನೆ ಸೇರಿದ್ದಳು. ಒಂದು ದಿನ ಅತ್ತೆ ಕಲ್ಲವ್ವ ಒಳಗಿನಿಂದ ಕೂಗಿದಳು:

"ಅಕ್ಕಿ ಹೆಚ್ಚಾಗ್ಯಾವ, ತರಸವ್ವಾ."

"ಹೆಚ್ಚಾಗಿದ್ರ ಮತ್ಯಾಕ ತರಸೋದ್ರಿ ಅತ್ತಿ?"

ಕಲ್ಲವ್ವನಿಗೆ ನಗು ತಡೆಯಲಾಗಲಿಲ್ಲ. "ಮುಗದಾವ ಅನಬಾರದು ಹುಚ್ಚಿ, ಲಕ್ಷ್ಮಿ ಸಿಟ್ಟಾಗ್ತಾಳ. ಅದಕ್ಕ ಹೆಚ್ಚಾಗ್ಯಾವ ಅಂತೀವಿ."

ಶೈಲಶ್ರೀ ನಗಲಿಲ್ಲ. ಹುಲಿಗೆವ್ವನ ಆ ಮುಚ್ಚಿದ ಡಬ್ಬಿ ನೆನಪಾಯಿತು.

ಆ ಭಾನುವಾರವೇ ಹಡಪಸರಕ್ಕೆ ಹೋದಳು. ಹುಲಿಗೆವ್ವ ನೋಡಿದ ಕೂಡಲೇ ಗುರುತು ಹಿಡಿದು ಚಾಪೆ ಹಾಸಿದಳು. ಇಷ್ಟು ವರ್ಷ ಎಲ್ಲಿ ಹೋಗಿದ್ದಿರಿ ಎಂದು ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ಶೈಲಶ್ರೀಗೆ ಮನಸ್ಸಾದರೂ ಹಗುರಾಗುತ್ತಿತ್ತು.

"ನಾ ಖೋಲಿ ಬಿಟ್ಟಿಲ್ಲ ನೋಡ್ರಿ ಬಾಯಾರ. ಹೂಂ, ಕೇಳ್ರಿ," ಎಂದು ಎದುರು ಕೂತಳು.

ಸಂಸ್ಥೆಯ ಆ ಕೆಲಸ ಎಂದೋ ನಿಂತುಹೋಗಿತ್ತು. ಅದನ್ನು ಹೇಳಲು ಶೈಲಶ್ರೀಗೆ ಬಾಯಿ ಬರಲಿಲ್ಲ. ಹಳೆಯ ಪ್ರಶ್ನೆಗಳಲ್ಲಿ ಮೊದಲನೆಯದನ್ನೇ ಕೇಳಿದಳು:

"ಮನ್ಯಾಗ ಎಷ್ಟು ಮಂದಿ ಅವ್ವಾ?"

ಹುಲಿಗೆವ್ವ ಖೋಲಿಯ ತುಂಬ ಒಮ್ಮೆ ಕಣ್ಣಾಡಿಸಿದಳು.

"ಮಂದಿ ಹೆಚ್ಚಾಗ್ಯಾರ್ರಿ ಬಾಯಾರ."